ಕತ್ತಲಲ್ಲಿ ಉಂಡ ಅನ್ನ

ಗುರುತು ಸಿಗದಂತೆ ಊರು, ಉದ್ಯೋಗ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೂಕ ಇಳಿಸಲು ಸಲಹೆ ಕೇಳಿ ತಾಯಿಯೊಂದಿಗೆ ನನ್ನ ಬಳಿ ಬಂದ ಹುಡುಗನನ್ನು ರವಿ ಎನ್ನೋಣ.

ತಾಯಿಯೇ ಮೊದಲು ಬಾಯಿ ತೆರೆದರು. "ಮೇಡಂ, ಇವನಿಗೆ ಸ್ವಲ್ಪ ಬಾಯಿ ಕಟ್ಟಲು ಹೇಳಿ. ಅಡುಗೆಮನೆಗೆ ಬೀಗ ಹಾಕಿ ಮಲಗುವ ಗತಿ ಬಂದಿದೆ." ಪಕ್ಕದಲ್ಲಿದ್ದ ಇಪ್ಪತ್ತಾರರ ಮಗ, ಹೊಟ್ಟೆಯ ಮೇಲೆ ಬಿಗಿದ ಅಂಗಿಯ ಗುಂಡಿಗೆ ಕೈ ಅಡ್ಡ ಹಿಡಿದು ನೆಲ ನೋಡುತ್ತಿದ್ದ.

ಹದಿನಾಲ್ಕು ತಿಂಗಳಲ್ಲಿ 64 ಕಿಲೋದಿಂದ 86ಕ್ಕೆ ಏರಿದ್ದ. ಎತ್ತರ 170 ಸೆಂ.ಮೀ., ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 30ರ ಹತ್ತಿರ. ನಮ್ಮ ದೇಶದ ತಜ್ಞರ ಲೆಕ್ಕದಲ್ಲಿ 25 ದಾಟಿದರೇ ಬೊಜ್ಜು. ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ. ಮೀರಬಾರದು. ರವಿಯದು 102.

ಮೊದಲ ದಿನ ನಾನೂ ಎಡವಿದೆ. ಏನು ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ ಎಂದು ಕೇಳಿದೆ, ಒಂದು ವಾರ ತಿಂದದ್ದನ್ನೆಲ್ಲ ಬರೆದುಕೊಂಡು ಬನ್ನಿ ಎಂದೆ. ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಲೇ ಇಲ್ಲ. ಅವನು ತಂದ ನೋಟ್‌ಬುಕ್ಕಿನಲ್ಲಿ ಹಗಲೆಲ್ಲ ಅಚ್ಚುಕಟ್ಟು: ಎರಡು ಇಡ್ಲಿ, ಒಂದು ಮುದ್ದೆ, ಸೊಪ್ಪಿನ ಸಾರು, ಸಕ್ಕರೆಯಿಲ್ಲದ ಚಹಾ. ರಾತ್ರಿ ಹನ್ನೊಂದೂವರೆಯ ಮೇಲೆ ಅಕ್ಷರವೇ ಬೇರೆ. "ಅನ್ನದ ಪಾತ್ರೆ. ಉಪ್ಪಿನಕಾಯಿ. ಲೈಟ್ ಹಾಕಲಿಲ್ಲ." ಏಳು ರಾತ್ರಿಗಳಲ್ಲಿ ಐದು ಹೀಗೆಯೇ. ಒಂದು ರಾತ್ರಿ ಅನ್ನ ಉಳಿದಿರಲಿಲ್ಲ. ಒಣ ಅವಲಕ್ಕಿಯನ್ನೇ ಮುಕ್ಕಿದ್ದ.

"ಹೊಟ್ಟೆ ತುಂಬಿದ್ದು ಗೊತ್ತೇ ಆಗುವುದಿಲ್ಲ ಮೇಡಂ."

"ಯಾವಾಗಿನಿಂದ ಹೀಗೆ?"

"ಮಾತ್ರೆ ಶುರುವಾದಾಗಿನಿಂದ."

ಮನಸ್ಸು ಅತಿ ಉತ್ಸಾಹ, ಖಿನ್ನತೆಗಳ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆಗೆ ಮನೋವೈದ್ಯರು ಒಲಾಂಜಪಿನ್ ಕೊಟ್ಟಿದ್ದರು. ಅವನಿಗೆ ನಿದ್ದೆ ಮರಳಿಸಿ, ಮತ್ತೆ ಕೆಲಸಕ್ಕೆ ಹೋಗುವಂತೆ ಮಾಡಿದ್ದೂ ಅದೇ ಮಾತ್ರೆ. ಆದರೆ ಅದು ಮಿದುಳಿನಲ್ಲಿ ಹಿಸ್ಟಮಿನ್ ಮತ್ತು ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕಗಳ ಕೆಲವು ಗ್ರಾಹಕಗಳನ್ನು ತಡೆಯುತ್ತದೆ. ಹಸಿವು ಕೆರಳುತ್ತದೆ, ಸಾಕು ಎನ್ನುವ ಸೂಚನೆ ಮಂಕಾಗುತ್ತದೆ. ಸ್ಟೀರಾಯ್ಡ್, ಮೂರ್ಛೆರೋಗಕ್ಕೂ ಕೊಡುವ ವಾಲ್‌ಪ್ರೊಯೇಟ್, ಖಿನ್ನತೆಗೆ ಕೊಡುವ ಮಿರ್ಟಾಜಪಿನ್, ಇನ್ಸುಲಿನ್‌ಗಳಿಂದಲೂ ತೂಕ ಏರಬಹುದು. ನಮ್ಮಲ್ಲಿ ಯಾರು ದಪ್ಪಗಾದರೂ "ಥೈರಾಯ್ಡ್ ಇರಬೇಕು" ಎಂದುಬಿಡುತ್ತಾರೆ. ಥೈರಾಯ್ಡ್ ಕೊರತೆಯಿಂದ ಸಾಮಾನ್ಯವಾಗಿ ಏರುವುದು ಕೆಲವೇ ಕಿಲೋ. ರವಿಯದನ್ನೂ ಪರೀಕ್ಷಿಸಿದ್ದರು, ಸರಿಯಾಗಿತ್ತು.

ನನ್ನ ಎದೆ ಧಸಕ್ಕೆಂದದ್ದು ಆಮೇಲೆ. ಮೂರು ದಿನದಿಂದ ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು, ಅಮ್ಮ ಅತ್ತ ತಿರುಗಿದೊಡನೆ ಉಗಿದು, ದಿಂಬಿನ ಕವರಿನಲ್ಲಿ ಬಚ್ಚಿಡುತ್ತಿದ್ದ.

ಅವನಿಗೆ ಹೇಳಿದ್ದು ಇಷ್ಟು: "ನೀವು ಹೊಟ್ಟೆಬಾಕರಲ್ಲ. ಆದರೆ ಮಾತ್ರೆ ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ತೂಕದ ಕಾರಣಕ್ಕೆ ಬಿಡಬೇಕೆನಿಸಿತು ಎಂದು ಡಾಕ್ಟರಿಗೆ ನೇರವಾಗಿ ಹೇಳಿ." ಅವನ ಒಪ್ಪಿಗೆ ಪಡೆದು ಆಗಲೇ ಅವನ ಮನೋವೈದ್ಯರಿಗೆ ಫೋನ್ ಮಾಡಿದೆ. ತಾಯಿಗೆ ಬೀಗ ತೆಗೆಯಲು ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ಬೀಗ ಹಾಕಿದರೆ ಹಸಿವು ಬೀದಿಬದಿಯ ಗಾಡಿಗೆ ಹೋಗುತ್ತದೆ ಎಂದ ಮೇಲೆ, ಅನ್ನದ ಬದಲು ಬೇಯಿಸಿದ ಹೆಸರುಕಾಳು, ಮಜ್ಜಿಗೆ, ಸೌತೆಕಾಯಿ ಕೈಗೆ ಸಿಗುವಂತಿಡಲು ಅರೆಮನಸ್ಸಿನಿಂದ ಒಪ್ಪಿದರು.

ವೈದ್ಯರು ಒಲಾಂಜಪಿನ್ ಅನ್ನು ನಿಧಾನವಾಗಿ ಇಳಿಸುತ್ತ, ತೂಕವನ್ನು ಅಷ್ಟಾಗಿ ಏರಿಸದ ಅರಿಪಿಪ್ರಜೋಲ್‌ಗೆ ಬದಲಿಸಿದರು. ಖಾಲಿ ಹೊಟ್ಟೆಯ ಸಕ್ಕರೆ 112 ಇತ್ತು, ಅಂದರೆ ಮಧುಮೇಹದ ಹೊಸ್ತಿಲು; ಹಾಗಾಗಿ ಸಕ್ಕರೆ ಹತೋಟಿಯ ಮಾತ್ರೆ ಮೆಟ್‌ಫಾರ್ಮಿನ್ ಸೇರಿಸಿದರು.

ಈ ನಡುವೆ ಗೆಳೆಯನೊಬ್ಬ "ವಾರಕ್ಕೊಂದು ಸೂಜಿ ಚುಚ್ಚಿಸಿಕೊಂಡರೆ ಸಾಕು" ಎಂದು ತಲೆಗೆ ಹುಳ ಬಿಟ್ಟಿದ್ದ. ಅದು ಹಸಿವು ತಗ್ಗಿಸಿ ತೂಕ ಇಳಿಸುವ ಟಿರ್ಜೆಪಟೈಡ್; 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಒಳ್ಳೆಯ ಔಷಧವೇ: ದೊಡ್ಡ ಪ್ರಯೋಗವೊಂದರಲ್ಲಿ 72 ವಾರಗಳಲ್ಲಿ ಹೆಚ್ಚಿನ ಪ್ರಮಾಣ ಪಡೆದವರ ತೂಕ ಸರಾಸರಿ ಐದನೇ ಒಂದು ಭಾಗ ಇಳಿದಿತ್ತು. ಆದರೆ ನಿಲ್ಲಿಸಿದರೆ ಬಹುಪಾಲು ಮರಳಿ ಬರುತ್ತದೆ. ವಾಕರಿಕೆ, ವಾಂತಿ ಸಾಮಾನ್ಯ. ಮನೆತನದಲ್ಲಿ ಮೆಡುಲ್ಲರಿ ಎಂಬ ಅಪರೂಪದ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಕೊಡುವುದಿಲ್ಲ. ಜಿಮ್‌ನಲ್ಲಿ ಯಾರೋ ಕೊಡಿಸುವ ಸೂಜಿ ಬೇಡ, ಬೇಕಿದ್ದರೆ ಡಾಕ್ಟರೇ ಬರೆಯುತ್ತಾರೆ ಎಂದೆ. ಸದ್ಯಕ್ಕೆ ಬೇಡ ಎಂದರು ಅವರು. ಜಠರದ ಗಾತ್ರ ಕುಗ್ಗಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಮಾತೇ ಏಳಲಿಲ್ಲ.

ಐದು ತಿಂಗಳಾದ ಮೇಲೆ ತೂಕ 80 ಕಿಲೋ 500 ಗ್ರಾಂ. "ಇಷ್ಟೇನಾ?" ಎಂದರು ತಾಯಿ. ಶೇಕಡಾ ಐದು ಇಳಿದರೂ ಸಕ್ಕರೆ, ರಕ್ತದೊತ್ತಡ ಸುಧಾರಿಸುತ್ತವೆ ಎಂದು ವಿವರಿಸಿದೆ, ಮುಖ ಅರಳಲಿಲ್ಲ. ರವಿಯ ನೋಟ್‌ಬುಕ್ ಈಗಲೂ ಬರುತ್ತದೆ. ಕಳೆದ ವಾರದ ಪುಟದಲ್ಲಿ ಎರಡು ರಾತ್ರಿ ಮಾತ್ರ ಅನ್ನವಿತ್ತು. ಒಂದರ ಎದುರಿಗೆ ಬರೆದಿದ್ದ: "ತಟ್ಟೆಗೆ ಹಾಕಿಕೊಂಡೆ. ಅಮ್ಮ ಎದ್ದು ಬಂದು ಲೈಟ್ ಹಾಕಿದರು, ಬೈಯಲಿಲ್ಲ."