ಹಾರ್ಲಿಕ್ಸ್ ಬಾಟಲಿಯಲ್ಲಿ ಬಚ್ಚಿಟ್ಟ ಮಾತ್ರೆ

"ದೇವರು ಒಂದು ಸಲ ಕೊಟ್ಟ ಅದ್ಭುತವನ್ನು ಮತ್ತೆ ವಾಪಸ್ ತಗೊಳ್ತಾನಾ, ಮೇಡಂ?"

ಸಲಹೆ ಕೇಳಲು ನನ್ನ ಹತ್ತಿರ ಬಂದು ಕೂತು, ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಒಬ್ಬ ತಾಯಿ ಆಡಿದ ಮೊದಲ ಮಾತೇ ಇದು. ಹೆಸರು, ಊರು ಹೇಳುವುದಕ್ಕೂ ಮುಂಚೆ.

ಈ ಪ್ರಕರಣ ಬರೆಯಲು ಆ ತಾಯಿ ಒಪ್ಪಿದ್ದಾರೆ. ಬರೀರಿ ಅಂತ ಅವರೇ ಹೇಳಿದರು. ವಯಸ್ಸು, ಊರು, ಮನೆಯ ವಿವರ ಬದಲಿಸಿದ್ದೇನೆ. ಗುರುತು ಸಿಗುವಂಥ ಒಂದೆರಡು ಸಂಗತಿ ಬಿಟ್ಟಿದ್ದೇನೆ.

ಮೈಸೂರು ಕಡೆಯವರು, ಮದುವೆಯಾಗಿ ಬೆಂಗಳೂರಿಗೆ ಬಂದವರು. ತವರು ಸಿಎಸ್‌ಐ, ಅಂದರೆ ಪ್ರಾಟೆಸ್ಟೆಂಟ್ ಸಭೆಯವರು, ಗಂಡನ ಮನೆ ಕ್ಯಾಥೊಲಿಕ್. ಒಬ್ಬನೇ ಮಗ, ಈಗ 11 ವರ್ಷ. ಅವನಿಗೆ 7 ತುಂಬಿದಾಗ ಫಿಟ್ಸ್ ಶುರುವಾಯಿತು. ಸ್ಕ್ಯಾನ್, ಮೆದುಳಿನ ಇಇಜಿ ಪರೀಕ್ಷೆ ಎಲ್ಲ ಆಯಿತು. ಫಿಟ್ಸ್ ತಡೆಯುವ ವಾಲ್ಪ್ರೊಯೇಟ್ ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ಒಂದು, ರಾತ್ರಿ ಒಂದು. ಡೋಸ್ ಸರಿಹೊಂದುವವರೆಗೆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ, ಮಗು ಮಗ್ಗಲು ಬದಲಿಸಿದರೂ ಎದ್ದು ಲೈಟ್ ಹಾಕುವ ಪರಿಸ್ಥಿತಿ. ಆಮೇಲೆ ನಿಂತಿತು. ಆರು ತಿಂಗಳಾಯಿತು, ವರ್ಷವಾಯಿತು, 14 ತಿಂಗಳಾಯಿತು. ಒಂದೂ ಬರಲಿಲ್ಲ.

ಇದೇ ಹೊತ್ತಿಗೆ ಅವರು ಬಡಾವಣೆಯ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದರು. ಶುಕ್ರವಾರ ಉಪವಾಸ ಪ್ರಾರ್ಥನೆ. ಆ ಹೆಂಗಸರು ಒಳ್ಳೆಯವರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ದಿನಗಳಲ್ಲಿ ಸಾರು ಅನ್ನ ಮಾಡಿ ತಂದುಕೊಟ್ಟವರು ಅವರೇ. ಮಗುವಿನ ತಲೆ ಮೇಲೆ ಕೈಯಿಟ್ಟು ಅತ್ತು ಪ್ರಾರ್ಥಿಸಿದವರೂ ಅವರೇ.

14 ತಿಂಗಳಾದಾಗ ಕೂಟದ ಹಿರಿಯರು ಸಾಕ್ಷಿ ಹೇಳಿ ಅಂದರು, ಅಂದರೆ ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳಿ ಅಂತ. ದೊಡ್ಡ ಸಭೆ, ಮೈಕು, ಸ್ಟೇಜು. ಇವರು ಎದ್ದು ನಿಂತು, "ಕರ್ತನು ನನ್ನ ಮಗನನ್ನು ಪೂರ್ತಿ ಸ್ವಸ್ಥ ಮಾಡಿದ್ದಾನೆ" ಅಂದರು. ಮಾತ್ರೆಯ ವಿಷಯ ಹೇಳಲಿಲ್ಲ. ಬೇಕೂಂತ ಮುಚ್ಚಿಟ್ಟದ್ದಲ್ಲ. ಆ ಹೊತ್ತಿನ ಖುಷಿಯಲ್ಲಿ ಅದು ಬಾಯಿಗೆ ಬರಲಿಲ್ಲ, ಅಷ್ಟೇ. ಸಭೆಯೆಲ್ಲ ಹಲ್ಲೆಲೂಯಾ ಅಂದಿತು. ಯಾರೋ ವಿಡಿಯೊ ಮಾಡಿದರು. ಅದು ವಾಟ್ಸಾಪಿನಲ್ಲಿ ಎಲ್ಲೆಲ್ಲಿಗೋ ಹೋಯಿತು.

ಕಷ್ಟ ಶುರುವಾದದ್ದು ಅಲ್ಲಿಂದ.

ಅವತ್ತಿನಿಂದ ಅವರು ಮಾತ್ರೆ ಬಚ್ಚಿಡತೊಡಗಿದರು. ಖಾಲಿ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಅಕ್ಕಿ ಡ್ರಮ್ಮಿನ ಹಿಂದೆ ಇಡುತ್ತಿದ್ದರು. ಖಾಲಿಯಾದ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಸಣ್ಣ ಸಣ್ಣ ಚೂರು ಮಾಡಿ, ಪೇಪರಿನಲ್ಲಿ ಸುತ್ತಿ, ಪಕ್ಕದ ಬೀದಿಯ ಕಸದ ಗಾಡಿಗೆ ಹಾಕಿ ಬರುತ್ತಿದ್ದರು. ಮಗನಿಗೆ ಮಾತ್ರೆ ಕೊಡುವಾಗ ಅಡುಗೆಮನೆ ಬಾಗಿಲು ಮುಂದೆ ಮಾಡುತ್ತಿದ್ದರು. ಇದನ್ನು ಹೇಳುವಾಗ ಅವರ ಎರಡು ಬೆರಳು ಕತ್ತರಿ ಹಿಡಿದ ಹಾಗೆ ಸುಮ್ನೆ ಆಡುತ್ತಿದ್ದವು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಒಂದು ದಿನ ಕೂಟದಲ್ಲಿ ಹಿರಿಯರೊಬ್ಬರು, ಇವರನ್ನು ನೋಡಿ ಹೇಳಿದ್ದಲ್ಲ, ಪ್ರಸಂಗದ ನಡುವೆ ಹೇಳಿದರಂತೆ: ಸ್ವಸ್ಥತೆ ಸಿಕ್ಕ ಮೇಲೂ ಮಾತ್ರೆ ನುಂಗುವುದು ದೇವರ ಮೇಲೆ ಅನುಮಾನಪಟ್ಟ ಹಾಗೆ. ಮಾರನೇ ದಿನ ಮಾತ್ರೆ ನಿಲ್ಲಿಸಿದರು. ಗಂಡನಿಗೆ ಹೇಳಲಿಲ್ಲ. 9ನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮಗ ಬಚ್ಚಲಲ್ಲೇ ಬಿದ್ದ. ಐದು ನಿಮಿಷ ದಾಟಿದರೂ ನಿಲ್ಲಲಿಲ್ಲ. ಇವರು ಕೈಗೆ ಬೀಗದ ಕೈ ಹಿಡಿಸಿ ಪ್ರಾರ್ಥಿಸುತ್ತಿದ್ದರಂತೆ. ಅತ್ತೆ ಬಂದು ಅದನ್ನು ಕಿತ್ತೆಸೆದು, ಹುಡುಗನನ್ನು ಒಂದು ಮಗ್ಗುಲಿಗೆ ತಿರುಗಿಸಿ, ಆಟೋ ಕರೆಸಿದರು. ಆಸ್ಪತ್ರೆಯಲ್ಲಿ ಎರಡು ದಿನ.

ಕೂಟದಿಂದ ಬಂದ ಮಾತು: "ನಿಮ್ಮ ಮನೆಯಲ್ಲಿ ಯಾರಿಗೋ ಅಪನಂಬಿಕೆ ಇದೆ."

ನನ್ನ ಹತ್ತಿರ ಬಂದದ್ದು ಇದಾಗಿ ಮೂರು ವಾರಕ್ಕೆ.

ನಾನೂ ಕ್ರೈಸ್ತಳು, ಮಂಗಳೂರಿನವಳು. ದೇವರು ಗುಣಮಾಡುತ್ತಾನೆ ಅಂತ ನಂಬಿದವಳು. ಅದ್ಭುತ ಎಲ್ಲ ಸುಳ್ಳು ಅಂತ ಅವರಿಗೆ ಹೇಳುವ ಯೋಚನೆ ನನಗೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಮೊದಲ ದಿನ ನಾನು ನಂಬಿಕೆಯ ಮಾತೇ ಎತ್ತಲಿಲ್ಲ. ಕೇಳಿದ್ದು ಒಂದೇ: "ನಡುವೆ ಮಾತ್ರೆ ನಿಲ್ಲಿಸಿದ್ದು ಡಾಕ್ಟರಿಗೆ ಗೊತ್ತಾ?"

ಗೊತ್ತಿರಲಿಲ್ಲ. ದಿನಾ ಕೊಡ್ತಿದ್ದೆ ಅಂತಲೇ ಅಲ್ಲೂ ಹೇಳಿದ್ದರು.

ಇದು ದೊಡ್ಡ ಅಪಾಯ. ತಪ್ಪದೆ ಮಾತ್ರೆ ಕೊಟ್ಟರೂ ಫಿಟ್ಸ್ ಬಂತು ಅಂದರೆ, ಈ ಔಷಧಿ ಸಾಲುತ್ತಿಲ್ಲ ಅಂತ ಡಾಕ್ಟರು ಲೆಕ್ಕ ಹಾಕುತ್ತಾರೆ. ಡೋಸ್ ಏರಿಸಬಹುದು, ಇನ್ನೊಂದು ಮಾತ್ರೆ ಸೇರಿಸಬಹುದು. ಬೇಡದ ಔಷಧಿ ಮಗುವಿನ ಮೈ ಸೇರುತ್ತದೆ. ಹಾಗಾಗಿ ಮೊದಲ ಸಲಹೆ: ನಾಳೆಯೇ ಫೋನ್ ಮಾಡಿ, 9 ದಿನ ಕೊಟ್ಟಿರಲಿಲ್ಲ ಅಂತ ಹೇಳಿ. ಕಾರಣ ಹೇಳಬೇಕಾಗಿಲ್ಲ, ಬೈದರೆ ಬೈಸಿಕೊಳ್ಳಿ. ಮತ್ತೆ ಇದನ್ನೂ ಹೇಳಿದೆ: ಫಿಟ್ಸ್ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು. ಸುಮಾರು ಎರಡು ವರ್ಷ ಫಿಟ್ಸ್ ಬರದೇ ಇದ್ದರೆ ಸಾಮಾನ್ಯವಾಗಿ ಡಾಕ್ಟರೇ ನಿಧಾನಕ್ಕೆ ಇಳಿಸುವ ವಿಚಾರ ಮಾಡುತ್ತಾರೆ. ಸರಿಯಾದ ಔಷಧಿ ಸಿಕ್ಕರೆ ಈ ಕಾಯಿಲೆ ಇರುವ 100ರಲ್ಲಿ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಗದ ಕೈ, ಈರುಳ್ಳಿ ಯಾವುದೂ ಬೇಡ, ಬಾಯಿಗೆ ಏನೂ ತುರುಕಬಾರದು, ಮಗ್ಗುಲಿಗೆ ತಿರುಗಿಸಿ ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆ. ನಿಮ್ಮ ಅತ್ತೆ ಮಾಡಿದ್ದು ಸರಿ ಅಂದೆ. ಅವರಿಗೆ ಆ ಮಾತು ಅಷ್ಟು ಹಿಡಿಸಲಿಲ್ಲ.

ಎರಡನೇ ಸಲ ಬಂದಾಗ ಡಾಕ್ಟರಿಗೆ ಹೇಳಿದ್ದರು. ಮುಖ ಸ್ವಲ್ಪ ಹಗುರವಾಗಿತ್ತು. ಆದರೆ ಪ್ರಶ್ನೆ ಅದೇ. ವಾಪಸ್ ತಗೊಂಡನಾ? ನಾನು ಏನು ತಪ್ಪು ಮಾಡಿದೆ?

ಅವರ ಮಾತು ಕೇಳ್ತಾ ಕೇಳ್ತಾ ನನಗೆ ಒಂದು ಹೊಳೆಯಿತು. ಅವರನ್ನು ಸುಡುತ್ತಿದ್ದದ್ದು ದೇವರಲ್ಲ, ಮೈಕಿನಲ್ಲಿ ಆಡಿದ ಆ ಮಾತು. ಸಾಕ್ಷಿ ಹೇಳಿಯಾಗಿದೆ, ಇನ್ನೂರು ಜನ ಕೇಳಿಯಾಗಿದೆ, ಇನ್ನು ಅದು ನಿಜ ಆಗಲೇಬೇಕು. ಅದನ್ನು ನಿಜ ಮಾಡುವ ಭಾರ 11 ವರ್ಷದ ಹುಡುಗನ ಮೆದುಳಿನ ಮೇಲೆ ಬಿತ್ತು. ಎಂಥ ಸಾಲ ಇದು, ಅಲ್ವಾ? ದೇವರು ಕೇಳದ ಸಾಲ.

ಅವರ ಸತ್ಯವೇದವನ್ನೇ ತೆಗೆಸಿದೆ. ಮಾರ್ಕನ ಸುವಾರ್ತೆ, 5ನೇ ಅಧ್ಯಾಯದ ಕೊನೆ. ಯಾಯೀರನ ಸತ್ತ ಮಗಳು ಎದ್ದು ಓಡಾಡುತ್ತಾಳೆ. 12 ವರ್ಷದ ಹುಡುಗಿ. ಅಷ್ಟು ದೊಡ್ಡ ಅದ್ಭುತ ಆದ ಮೇಲೆ ಯೇಸು ಹೇಳುವುದು ಎರಡೇ ಮಾತು: ಇದು ಯಾರಿಗೂ ತಿಳಿಯಬಾರದು, ಹುಡುಗಿಗೆ ತಿನ್ನಲು ಏನಾದರೂ ಕೊಡಿ. ಅವರು ಎರಡು ಸಲ ಓದಿದರು. ಸಣ್ಣ ವಯಸ್ಸಿನಿಂದ ಓದಿದ ಭಾಗ. "ಊಟ ಕೊಡಿ ಅಂದದ್ದು ನನಗೆ ನೆನಪೇ ಇರಲಿಲ್ಲ" ಅಂದರು. 1ನೇ ಅಧ್ಯಾಯದಲ್ಲಿ ಕುಷ್ಠರೋಗಿಗೂ ಹೇಳುವುದು ಹಾಗೇ. ಯಾರಿಗೂ ಏನೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸು. ಅಂದರೆ ಪರೀಕ್ಷೆ ಮಾಡಿಸು.

ಸಾಕ್ಷಿ ಹೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅವಸರ ಬೇಡ ಅಂತೀನಿ. ಕ್ಯಾಥೊಲಿಕ್ ಸಭೆಯೇ ಇದರಲ್ಲಿ ಎಷ್ಟು ನಿಧಾನ ನೋಡಿ. ಫ್ರಾನ್ಸಿನ ಲೂರ್ದಿನಲ್ಲಿ 1858ರಲ್ಲಿ ಬೆರ್ನಡೆಟ್ ಅನ್ನುವ ಹುಡುಗಿಗೆ ಮರಿಯಮಾತೆಯ ದರ್ಶನವಾದಾಗಿನಿಂದ ಕೋಟ್ಯಂತರ ಜನ ಹೋಗಿದ್ದಾರೆ. ಗುಣವಾಯಿತು ಅಂತ ದಾಖಲಾದದ್ದು 7,000ಕ್ಕೂ ಜಾಸ್ತಿ. ಅಲ್ಲೇ ವೈದ್ಯರ ಕಚೇರಿಯಿದೆ. ಅವರು ವರ್ಷಗಟ್ಟಲೆ ಪರೀಕ್ಷೆ ಮಾಡಿ, ಔಷಧಿಯಿಂದ ಆದದ್ದಲ್ಲ, ಕಾಯಿಲೆ ಮತ್ತೆ ಬರಲಿಲ್ಲ ಅಂತ ಖಾತ್ರಿಯಾದ ಮೇಲೆ ಬಿಷಪರ ಮುಂದೆ ಇಡುತ್ತಾರೆ. ಹಾಗೆ ಅದ್ಭುತ ಅಂತ ಒಪ್ಪಿದ್ದು ಇಷ್ಟು ವರ್ಷದಲ್ಲಿ ಸುಮಾರು 70 ಮಾತ್ರ. ಉಳಿದವರಿಗೆ ದೇವರು ಏನೂ ಮಾಡಲಿಲ್ಲ ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಅವರೂ ಸ್ತೋತ್ರ ಹೇಳಿಯೇ ಮನೆಗೆ ಹೋಗುತ್ತಾರೆ.

ಮೂರನೇ ಭೇಟಿ ನನಗೆ ಬಹಳ ನೆನಪಿರುವುದು. "ಮಾರ್ಕ 9 ಓದಿ" ಅಂದೆ. ಫಿಟ್ಸ್ ಬರುವ ಹುಡುಗನ ಕಥೆ ಅಲ್ಲಿದೆ. ಬೀಳುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ. ಅವರು ಪುಸ್ತಕ ಮುಚ್ಚಿಬಿಟ್ಟರು. "ಬೇಡ. ಅದರಲ್ಲಿ ದೆವ್ವ ಅಂತ ಇದೆ. ಅದನ್ನೇ ಓದಿ ಕೂಟದಲ್ಲಿ ನನ್ನ ಮಗನ ಮುಂದೆ ಕೂಗಿದ್ದು." ಕಾಯುವುದು ಬಿಟ್ಟು ನನಗೆ ದಾರಿ ಇರಲಿಲ್ಲ. ಹತ್ತು ನಿಮಿಷ ಅತ್ತರು. ಆಮೇಲೆ ತಾವೇ ಪುಸ್ತಕ ತೆರೆದರು.

ಆ ಭಾಗದಲ್ಲಿ ನಾನು ತೋರಿಸಿದ್ದು ಎರಡು ಕಡೆ. ಹುಡುಗ ನೆಲದಲ್ಲಿ ಒದ್ದಾಡುತ್ತಿರುವಾಗಲೇ ಯೇಸು ತಂದೆಯನ್ನು ಕೇಳುತ್ತಾನೆ, ಇದು ಇವನಿಗೆ ಎಷ್ಟು ಕಾಲದಿಂದ ಇದೆ? ಇದನ್ನು ಬೇರೆ ಯಾರು ನಿಮ್ಮನ್ನು ಕೇಳಿದ್ದರು ಅಂದೆ. "ಡಾಕ್ಟರು. ಮೊದಲ ದಿನ ಕೇಳಿದ್ದು ಇದನ್ನೇ." ಹೌದು. ಇನ್ನೊಂದು, ಆ ತಂದೆಯ ಉತ್ತರ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಕೂಗುತ್ತಾನೆ. ಅರ್ಧ ನಂಬಿಕೆ, ಅರ್ಧ ಭಯ. ಮೊದಲು ನಿನ್ನ ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಅಂತ ಯೇಸು ಅವನನ್ನು ಕಳಿಸಲಿಲ್ಲ. ಹುಡುಗನ ಕೈ ಹಿಡಿದು ಎಬ್ಬಿಸಿದ. ಅದ್ಭುತ ನಂಬಿಕೆಗೆ ಕೊಡುವ ಕೂಲಿ ಆಗಿದ್ದರೆ ಆ ತಂದೆಗೆ ಅವತ್ತು ಏನೂ ಸಿಗುತ್ತಿರಲಿಲ್ಲ.

ಮತ್ತೆ ಅಪೊಸ್ತಲ ಪೌಲ. ದೇಹದಲ್ಲಿ ಮುಳ್ಳು ಇದೆ, ತೆಗೆದುಹಾಕು ಅಂತ ಮೂರು ಸಲ ಬೇಡಿದ. ಬಂದ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು. ಅವನ ಜೊತೆಗಿದ್ದ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು. ಇವರಿಗೆಲ್ಲ ನಂಬಿಕೆ ಕಡಿಮೆ ಇತ್ತಾ? ಸುವಾರ್ತೆ ಬರೆದ ಲೂಕನನ್ನು ಪೌಲ ಕರೆಯುವುದೇ ಪ್ರಿಯ ವೈದ್ಯ ಅಂತ. ನಮ್ಮ ಊರಲ್ಲೂ ನೋಡಿ ಅಂದೆ. ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚು 1680ರದ್ದು. ಮಿಲಾಗ್ರಿಸ್ ಅಂದರೆ ಪೋರ್ಚುಗೀಸಿನಲ್ಲಿ ಅದ್ಭುತಗಳು ಅಂತ ಅರ್ಥ. ಅಲ್ಲಿಂದ ಸ್ವಲ್ಪ ದೂರದ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧಿ ಹಂಚತೊಡಗಿದರು, ಅದೇ ಇವತ್ತಿನ ದೊಡ್ಡ ಆಸ್ಪತ್ರೆ. ಅದ್ಭುತಮಾತೆಯ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ, ಬಸ್ಸು ಹತ್ತಿ ಮುಲ್ಲರ್ ಆಸ್ಪತ್ರೆಗೆ ಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಎರಡಕ್ಕೂ ಜಗಳ ಇದೆ ಅಂತ ನನ್ನ ಅಜ್ಜಿಗೆ ಯಾವತ್ತೂ ಅನ್ನಿಸಿರಲಿಲ್ಲ. ಆ ತಾಯಿ ಮೆಲ್ಲಗೆ, "ನಾನು ಹುಟ್ಟಿದ್ದೂ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲೇ" ಅಂದರು.

ನಾಲ್ಕನೇ ಸಲ ಗಂಡನೂ ಬಂದರು. ಅವರ ಸಿಟ್ಟು ದೊಡ್ಡದು. ಇನ್ನು ಕೂಟ, ಚರ್ಚು ಏನೂ ಬೇಡ ಅಂತ ಹಟ. ಅವರಿಗೆ ಹೇಳಿದ್ದು ಇಷ್ಟೇ. ಸಿಟ್ಟು ನ್ಯಾಯವಾದದ್ದು. ಆದರೆ ನಿಮ್ಮ ಹೆಂಡತಿಯಿಂದ ಪ್ರಾರ್ಥನೆಯನ್ನೂ ಕಿತ್ತುಕೊಂಡರೆ ಅವರು ಮತ್ತೆ ಬಚ್ಚಿಡುತ್ತಾರೆ, ಈ ಸಲ ಬೈಬಲ್ಲನ್ನು. ರಾತ್ರಿಯ ಮಾತ್ರೆ ಇನ್ನು ಮೇಲೆ ನೀವು ಕೊಡಿ. ಒಬ್ಬರ ಭಾರ ಇಬ್ಬರಿಗೆ ಹಂಚಿಹೋಗಲಿ.

ಅತ್ತೆಯ ಸಂಗತಿ ಬಂದದ್ದೂ ಅವತ್ತೇ. ಅವರು ಪ್ರತಿ ಗುರುವಾರ ವಿವೇಕನಗರದ ಬಾಲಯೇಸುವಿನ ಚರ್ಚಿಗೆ ಹೋಗುತ್ತಾರೆ. ಬರುವಾಗ ದಾರಿಯ ಮೆಡಿಕಲ್ ಶಾಪಿನಲ್ಲಿ ಮೊಮ್ಮಗನ ಮಾತ್ರೆ ತರುತ್ತಾರೆ. ಪ್ರಾರ್ಥನೆ, ಮಾತ್ರೆ ಎರಡೂ ಒಂದೇ ಚೀಲದಲ್ಲಿ ಬಂದ ಹಾಗೆ. ನಾಲ್ಕು ವರ್ಷದಿಂದ ಹೀಗೇ. ಸೊಸೆಗೆ ಅದು ಬರೀ ಹಳೆಯ ರೂಢಿ ಅನ್ನಿಸಿತ್ತು. ನನಗೆ ಆ ಚೀಲದಲ್ಲಿ ದೊಡ್ಡ ನಂಬಿಕೆ ಕಂಡಿತು. ಅದನ್ನು ಅವರಿಗೆ ಹಾಗೇ ಹೇಳಿದೆ.

ನನಗೆ ಜಾಸ್ತಿ ಸಂಕಟವಾದದ್ದು ಹುಡುಗನ ವಿಷಯದಲ್ಲಿ. ಅಷ್ಟು ದಿನ ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಅವನು ನನ್ನ ಕೋಣೆಯಲ್ಲಿ ಚಿತ್ರ ಬರೆಯುತ್ತಾ ತಲೆ ಎತ್ತದೆ, "ಆಂಟಿ, ನಾನು ಪ್ರೇಯರ್‌ನಲ್ಲಿ ಕಣ್ಣು ಬಿಟ್ಟಿದ್ದೆ. ಅದಕ್ಕೇ ಬಂತಾ?" ಅಂದ. ಇದನ್ನು ಒಳಗೆ ಇಟ್ಟುಕೊಂಡು ಎಷ್ಟು ರಾತ್ರಿ ಮಲಗಿದ್ದನೋ. ಅಲ್ಲ ಕಣಪ್ಪಾ ಅಂದೆ. ಯೋಹಾನನ 9ನೇ ಅಧ್ಯಾಯದ ಹುಟ್ಟುಕುರುಡನ ಕಥೆ ಹೇಳಿದೆ. ಯಾರು ಪಾಪ ಮಾಡಿದ್ದಕ್ಕೆ ಹೀಗಾಯಿತು ಅಂತ ಶಿಷ್ಯರು ಕೇಳಿದರೆ, ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅಂತ ಯೇಸು ಹೇಳುತ್ತಾನೆ. "ಹಂಗಾದ್ರೆ ಅಮ್ಮನೂ ಅಲ್ವಾ?" ಅಂದ. ಅಮ್ಮನೂ ಅಲ್ಲ. ಇದೇ ಮಾತನ್ನು ಮನೆಯಲ್ಲಿ ನೀವು ನಿಮ್ಮ ಬಾಯಲ್ಲಿ ಹೇಳಿ, ನಾನು ಹೇಳಿದರೆ ಸಾಲದು ಅಂತ ತಾಯಿಗೆ ಹೇಳಿ ಕಳಿಸಿದೆ. ಅವನ ಮುಂದೆ ಯಾರೂ ದೆವ್ವದ ಮಾತು ಎತ್ತಬಾರದು, ಎತ್ತಿದರೆ ಎದ್ದು ಬನ್ನಿ, ಅದರಲ್ಲಿ ಸಂಕೋಚ ಬೇಡ ಅಂತಲೂ ಹೇಳಿದೆ.

ಕೊನೆಯ ಸಲಹೆ ಸಾಕ್ಷಿಯದ್ದು. ಹಳೆಯದನ್ನು ಅಳಿಸಲು ಆಗುವುದಿಲ್ಲ. ಬಿಟ್ಟುಹೋದದ್ದನ್ನು ಸೇರಿಸಬಹುದು. ಮೈಕು ಬೇಡ, ನಿಮಗೆ ಊಟ ತಂದುಕೊಟ್ಟ ಆ ಹೆಂಗಸರ ಮುಂದೆ ಸಾಕು. ಎರಡು ವಾರ ಬರೆದು ಹೊಡೆದುಹಾಕಿ, ಮತ್ತೆ ಬರೆದು, ಕೊನೆಗೆ ಒಂದು ಶುಕ್ರವಾರ ಹೇಳಿದರು. 14 ತಿಂಗಳೂ ಮಾತ್ರೆ ಕೊಟ್ಟೆ. ಆ 14 ತಿಂಗಳಿಗಾಗಿ ದೇವರಿಗೆ ಸ್ತೋತ್ರ. ನಡುವೆ ನಿಲ್ಲಿಸಿದೆ, ಅದು ನನ್ನ ತಪ್ಪು. ಈಗ ಮತ್ತೆ ಕೊಡುತ್ತಿದ್ದೇನೆ, ಪ್ರಾರ್ಥನೆಯನ್ನೂ ಮಾಡುತ್ತಿದ್ದೇನೆ.

ಯಾರೂ ಹಲ್ಲೆಲೂಯಾ ಅನ್ನಲಿಲ್ಲವಂತೆ. ಇಬ್ಬರು ಆಮೇಲೆ ಮಾತು ಬಿಟ್ಟರು. ಅವರಿಗೆ ಅದು ನೋವಾಗಿದೆ, ಇನ್ನೂ ಇದೆ.

ಆರು ದಿನದ ನಂತರ ರಾತ್ರಿ ಹತ್ತೂವರೆಗೆ ಕೂಟದ ಇನ್ನೊಬ್ಬ ಹೆಂಗಸು ಅವರಿಗೆ ಫೋನ್ ಮಾಡಿದರು. ಪಿಸುಮಾತಿನಲ್ಲಿ, "ಅಕ್ಕಾ, ನನ್ನ ಬಿಪಿ ಮಾತ್ರೆ ಹೊಲಿಗೆ ಡಬ್ಬಿಯಲ್ಲಿದೆ. ಎರಡು ವರ್ಷದಿಂದ" ಅಂದರಂತೆ. ನಿಮ್ಮ ನಂಬರ್ ಆಕೆಗೆ ಕೊಡಬಹುದಾ ಅಂತ ಇವರು ನನ್ನನ್ನು ಕೇಳಿದರು. ಕೊಡಿ ಅಂದೆ.