ಗೋಕರ್ಣ, ಕಾರವಾರ ಕಡೆ ಮೂರು ದಿನ ರಜೆಗೆ ಹೋಗಬಹುದಾ? ಚೆಂದ ಏನು, ಕಿರಿಕಿರಿ ಏನು?

ಖಂಡಿತ ಬನ್ನಿ, ಸಾಲು ರಜೆಯಲ್ಲಿ ಮಾತ್ರ ಬೇಡ.

ನಮ್ಮ ಕಡೆಯ ಚೆಂದ ಅಂದರೆ ಗುಡ್ಡ ಸೀದಾ ಸಮುದ್ರಕ್ಕೇ ಇಳಿಯುತ್ತದೆ. ಗೋಕರ್ಣದ ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ಮೇಲೆ ಕಾಲುದಾರಿ ಇದೆ. ಬಿಸಿಲು ಇಳಿದ ಮೇಲೆ ಹೊರಡಿ. ಕೆಂಪು ಕಲ್ಲಿನ ಮೇಲೆ ನಡೆದು ಕೊನೆಗೆ ಕೆಳಗೆ ನೋಡಿದರೆ ಓಂ ಅಕ್ಷರದ ಹಾಗೆ ದಡದ ಎರಡು ಬಳುಕು, ಮಧ್ಯೆ ಕಪ್ಪು ಬಂಡೆ. ಹೆಸರು ಯಾಕೆ ಬಂತು ಅಂತ ಆಗ ಗೊತ್ತಾಗುತ್ತದೆ. ಕಾರವಾರದ ಬೀಚ್ ಬೇರೆ ತರಹ, ಊರಿಗೇ ಅಂಟಿಕೊಂಡಿದೆ. ಅದಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು ಇಟ್ಟಿದ್ದಾರೆ. ಯಾಕೆ ಅಂದರೆ, ಅವರ ಅಣ್ಣ ಇಲ್ಲಿ ಜಡ್ಜ್ ಆಗಿದ್ದರು, ಇವರು ಬಂದು ಉಳಿದಿದ್ದರು.

ಕಿರಿಕಿರಿಯೂ ಕಡಿಮೆ ಇಲ್ಲ. ಗೋಕರ್ಣ ರೋಡ್ ಸ್ಟೇಷನ್ ಊರಿಂದ ಸುಮಾರು 10 ಕಿ.ಮೀ. ದೂರ. ಒಮ್ಮೆ ರಾತ್ರಿ ಹನ್ನೊಂದಕ್ಕೆ ಇಳಿದಿದ್ದೆ, ಆಟೋದವ ಹೇಳಿದ್ದೇ ರೇಟು! ಶಿವರಾತ್ರಿಗೆ, ಡಿಸೆಂಬರ್ ಕೊನೆಗೆ ರೂಮಿನ ಕಥೆಯೂ ಅದೇ. ಬೆಳಿಗ್ಗೆ ಮರಳಲ್ಲಿ ಖಾಲಿ ಬಾಟಲಿಗಳೂ ಸಿಗುತ್ತವೆ. ಅದು ನಮ್ಮವರದ್ದೇ ಕೆಲಸ ಬಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯಲೇಬೇಡಿ. ಬಂಡೆಯ ಪಾಚಿ ಮೇಲೆ ಸೆಲ್ಫಿಗೆ ನಿಲ್ಲುವುದೂ ಬೇಡ, ಅಲೆ ಸುಮ್ನೆ ಎಳೆದುಕೊಂಡು ಹೋಗುತ್ತದೆ. ರಸ್ತೆಯನ್ನೂ ನಂಬುವಂತಿಲ್ಲ. 2024ರ ಜುಲೈಯಲ್ಲಿ ಅಂಕೋಲೆ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು, ಜೀವಗಳೂ ಹೋದವು. ನನ್ನ ಕೇಳಿದರೆ, ನವೆಂಬರ್‌ನಲ್ಲಿ ವಾರದ ಮಧ್ಯೆ ಬನ್ನಿ.