ಓದುಗರ ಗ್ಯಾರೇಜ್: ಇಂಜಿನ್ನಿನದ್ದಲ್ಲದ ಇಂಜಿನ್ ಸದ್ದು

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿದ್ದೇನೆ. ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರು ತಗೊಂಡಿದ್ದೇನೆ, ಏಳನೇ ತಲೆಮಾರಿನದು. ಆಕ್ಸಿಲರೇಟರ್ ಒತ್ತಿದರೆ ಒಳಗೆ ಗುರ್ ಅಂತ ಭಾರೀ ಸದ್ದು. ಹೊರಗೆ ನಿಂತವರನ್ನು ಕೇಳಿದರೆ ಅಂಥದ್ದೇನೂ ಇಲ್ಲ ಅನ್ನುತ್ತಾರೆ. ಸ್ಟೀರಿಯೋ ಆಫ್ ಮಾಡಿದರೂ ನಿಲ್ಲುವುದಿಲ್ಲ. ಮನೆಯಲ್ಲೇ ತೆಗೆಯಬಹುದಾ?

ಉತ್ತರ: ತೆಗೆಯಬಹುದು. ನಿಮ್ಮ ಕಾರಲ್ಲಿ ಸದ್ದು ಮಾಡುವುದು ಸ್ಪೀಕರ್ ಅಲ್ಲ, ಹಾಗಾಗಿ ಸ್ಟೀರಿಯೋ ಆಫ್ ಮಾಡಿ ಏನೂ ಪ್ರಯೋಜನವಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಅಡಿಯಲ್ಲಿ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ದುಂಡನೆಯ ಡಬ್ಬಿ ಇರುತ್ತದೆ. ಸೌಂಡಾಕ್ಟರ್ ಅಂತಾರೆ. ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಎಷ್ಟು ಭಾರ ಎಳೆಯುತ್ತಿದೆ ಅನ್ನುವ ಲೆಕ್ಕವನ್ನು ಕಾರಿನ ಕಂಪ್ಯೂಟರ್ ಜಾಲದಿಂದ ತಗೊಂಡು ಅದು ಅಲ್ಲಿನ ತಗಡನ್ನೇ ಅದುರಿಸುತ್ತದೆ. ತಗಡಿನ ಜೊತೆ ಗಾಜೂ ಅದುರುತ್ತದೆ. ನೀವು ಕೇಳುತ್ತಿರುವುದು ಆ ಅದುರನ್ನು.

ಯಾಕೆ ಹಾಕಿದರು ಅಂದರೆ, ಟರ್ಬೊ ಇಂಜಿನ್‌ಗಳ ಹೊಗೆ ಮೊದಲು ಟರ್ಬೈನ್ ತಿರುಗಿಸಿ ಆಮೇಲೆ ಹೊರಗೆ ಹೋಗಬೇಕು. ಅಷ್ಟರಲ್ಲಿ ಸದ್ದಿನ ಖಾರವೆಲ್ಲ ಸತ್ತಿರುತ್ತದೆ. ಹೊರಗಿನ ಗದ್ದಲಕ್ಕೆ ಕಾನೂನಿನ ಮಿತಿ ಬೇರೆ. ಆದರೆ ಜಿಟಿಐ ಕೊಳ್ಳುವವನಿಗೆ ಸದ್ದು ಬೇಕು, ಹಾಗಾಗಿ ಒಳಗೆ ಕೂತವನಿಗೆ ಮಾತ್ರ ಕೇಳಿಸುವ ಉಪಾಯ. ನನಗಂತೂ ಇದು ಇಷ್ಟವಿಲ್ಲ.

ಸ್ಪ್ಯಾನರ್ ಎತ್ತುವ ಮೊದಲು ಪರದೆಯಲ್ಲಿ ಹುಡುಕಿ. ಡ್ರೈವಿಂಗ್ ಮೋಡ್ ಆಯ್ಕೆ ಇದ್ದರೆ ಇಂಡಿವಿಜುವಲ್ ಅನ್ನುವಲ್ಲಿ ಇಂಜಿನ್ ಸೌಂಡ್ ಅಂತ ಒಂದು ಸಾಲು ಸಿಗುತ್ತದೆ. ಅದನ್ನು ಇಕೋಗೆ ಇಡಿ, ಸದ್ದು ಬಹಳ ತಗ್ಗುತ್ತದೆ. ತುಂಬಾ ಜನಕ್ಕೆ ಇಷ್ಟೇ ಸಾಕು. ಪೂರ್ತಿ ಹೋಗಬೇಕು ಅಂದರೆ ಕಾರಿನ ಕಂಪ್ಯೂಟರ್ ಓದಿ ತಿದ್ದುವ ವಿಸಿಡಿಎಸ್‌ನಂಥ ಸ್ಕ್ಯಾನರ್ ಹಾಕಿ, ಸ್ಟ್ರಕ್ಚರ್ ಬೋರ್ನ್ ಸೌಂಡ್ ಅನ್ನುವ ಭಾಗದಲ್ಲಿ ಶೇ 100 ಇರುವುದನ್ನು 0 ಮಾಡಬೇಕು. ಮೊದಲಿದ್ದ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಿ. ಸರ್ವಿಸ್‌ನಲ್ಲಿ ಸಾಫ್ಟ್‌ವೇರ್ ಹೊಸದು ಹಾಕಿದರೆ ಸದ್ದು ವಾಪಸ್ ಬರಬಹುದು, ಆಗ ಗಾಬರಿ ಬೇಡ, ಇನ್ನೊಮ್ಮೆ ಇಳಿಸಿದರಾಯಿತು.

ಕೈಯಿಂದಲೇ ಕಿತ್ತು ಹಾಕಬೇಕು ಅನ್ನುವವರಿಗೆ ತೊಂದರೆ ಕೊಡುವುದು ಡಬ್ಬಿಯಲ್ಲ, ವೈಪರ್. ಅದರ ತೋಳು ನಿಂತಿರುವ ಜಾಗಕ್ಕೆ ಗಾಜಿನ ಮೇಲೆ ಒಂದು ಚೂರು ಟೇಪ್ ಅಂಟಿಸಿ ಗುರುತು ಮಾಡಿ, ಇಲ್ಲದಿದ್ದರೆ ವಾಪಸ್ ಹಾಕಿದಾಗ ತೋಳು ಸೊಟ್ಟಗೆ ನಿಂತು ಅಂಚಿನ ಪಟ್ಟಿಗೆ ಬಡಿಯುತ್ತದೆ. ನಟ್ ಬಿಚ್ಚಿದರೂ ತೋಳು ಹಲ್ಲಿಗೆ ಕಚ್ಚಿಕೊಂಡು ಬರುವುದಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಗಾಜು ಬಿರಿಯುತ್ತೆ. ತೋಳನ್ನು ಎಳೆದು ಬಿಡಿಸುವ ಸಣ್ಣ ಪುಲ್ಲರ್ ತಗೊಳ್ಳಿ, ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಹೊದಿಕೆ ಎತ್ತಿದ ಮೇಲೆ ಕೆಲಸ ಐದು ನಿಮಿಷದ್ದು: ಡಬ್ಬಿಗೆ ಬರುವ ಕನೆಕ್ಟರಿನ ಲಾಕ್ ಒತ್ತಿ ಎಳೆಯಿರಿ, ತುದಿಗೆ ನೀರು ಹೋಗದಂತೆ ಟೇಪ್ ಸುತ್ತಿ, ಪಕ್ಕಕ್ಕೆ ಕಟ್ಟಿ. ವೈರ್ ಮಾತ್ರ ಕತ್ತರಿಸಬೇಡಿ. ಕಂಪ್ಯೂಟರಿನಲ್ಲಿ ದೋಷದ ಕೋಡ್ ಒಂದು ಉಳಿಯುತ್ತದೆ, ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುವುದಿಲ್ಲ.

ಆದರೆ ಒಂದು ಮಾತು. ಇದನ್ನು ತೆಗೆದರೆ ಕಾರು ಮೌನವಾಗುತ್ತೆ ಅಂದುಕೊಳ್ಳಬೇಡಿ. ಗುರ್ ಹೋದ ಮೇಲೆ ಟೈರಿನ ಸದ್ದು, ಗಾಳಿಯ ಸದ್ದು ಕಿವಿಗೆ ಬೀಳಲು ಶುರುವಾಗುತ್ತವೆ. ನಾಲ್ಕು ಸಿಲಿಂಡರಿನ ನಿಜವಾದ ದನಿ ಅಷ್ಟೇನೂ ಇಂಪಾಗಿಲ್ಲ ಅಂತಲೂ ಗೊತ್ತಾಗುತ್ತೆ!

ಪ್ರಶ್ನೆ: ನನ್ನ ಹಳೇ ಬಿಎಂಡಬ್ಲ್ಯುನಲ್ಲಿ ಇಂಜಿನ್ ಸದ್ದು ಸ್ಪೀಕರಿನಿಂದ ಬರುತ್ತೆ ಅಂತ ಗೆಳೆಯ ಹೇಳುತ್ತಾನೆ. ನಿಜವಾ? ಡಿಕ್ಕಿಯಲ್ಲಿರುವ ಪೆಟ್ಟಿಗೆಯ ವೈರ್ ಎಳೆದುಬಿಡಲಾ? (ಬೆಂಗಳೂರು)

ಉತ್ತರ: ನಿಜ ಇರಬಹುದು. 2011ರಲ್ಲಿ ಬಿಎಂಡಬ್ಲ್ಯುನ ಎಂ5 ಕಾರು ವಿ10 ಇಂಜಿನ್ ಬಿಟ್ಟು ಟರ್ಬೊ ವಿ8ಗೆ ಬಂತು, ಆಗ ಜೊತೆಗೇ ಬಂದದ್ದು ಆಕ್ಟಿವ್ ಸೌಂಡ್ ಡಿಸೈನ್, ಅಂದರೆ ಸ್ಪೀಕರಿನಿಂದ ಇಂಜಿನ್ ಸದ್ದು ಕೊಡುವ ವ್ಯವಸ್ಥೆ. ಆಮೇಲೆ ಬೇರೆ ಮಾದರಿಗಳಿಗೂ ಹಬ್ಬಿತು. 2015ರ ಮಸ್ಟಾಂಗ್ ಇಕೋಬೂಸ್ಟ್‌ನಲ್ಲಿ ಫೋರ್ಡ್ ಕೂಡ ಸ್ಪೀಕರಿನಿಂದಲೇ ಸದ್ದು ಕೊಟ್ಟಿತು.

ವೈರ್ ಎಳೆಯುವ ಮೊದಲು ನಿಮ್ಮ ಮಾದರಿಯ ವೈರಿಂಗ್ ನಕ್ಷೆ ನೋಡಿ. ಕೆಲವದರಲ್ಲಿ ಹಾಡಿನ ಸಂಕೇತವೂ ಅದೇ ಪೆಟ್ಟಿಗೆಯೊಳಗಿಂದ ಹಾದು ಸ್ಪೀಕರಿಗೆ ಹೋಗುತ್ತದೆ, ಎಳೆದರೆ ಹಾಡೂ ಬಂದ್. ಅಂಥ ಕಾರಿಗೆ ಬೈಪಾಸ್ ಕನೆಕ್ಟರ್ ಸಿಗುತ್ತೆ, ಅದನ್ನೇ ಹಾಕಿ. ಪೆಟ್ಟಿಗೆ ಕಾಣದಿದ್ದರೆ ಕೋಡಿಂಗ್‌ನಲ್ಲಿ, ಅಂದರೆ ಕಾರಿನ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ, ಆಫ್ ಮಾಡಿಸಬೇಕು. ಇನ್ನು ಬೇರೆ ಕಂಪನಿಯ ಕಾರು ಇರುವವರೂ ಗಮನಿಸಿ: ಕೆಲವು ಹೋಂಡಾ ಕಾರುಗಳಲ್ಲಿ ಸದ್ದು ಸೇರಿಸುವ ವ್ಯವಸ್ಥೆಯೇ ಬೇಡದ ಗುಂಯ್ ಅನ್ನುವ ಕಂಪನವನ್ನು ಅಳಿಸುವ ಕೆಲಸವನ್ನೂ ಮಾಡುತ್ತದೆ. ಕಿತ್ತರೆ ಎರಡೂ ಹೋಗುತ್ತವೆ, ಗದ್ದಲ ಜಾಸ್ತಿಯೇ ಆದೀತು.

ಆರ್‌ಟಿಒ ಭಯ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡುವುದು ಆರ್‌ಸಿಯಲ್ಲಿರುವ ವಿವರ ಬದಲಾಗುತ್ತದಾ ಅಂತ. ಒಳಗಿನ ಸದ್ದು ಅದರಲ್ಲಿ ಬರೆದಿರುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಮಾತ್ರ ಸುಮ್ನೆ ಕೈ ಹಾಕಬೇಡಿ.

ಪ್ರಶ್ನೆ: ಟೊಯೊಟಾ 86ರಲ್ಲಿ ಇರುವುದು ಬರೀ ಕೊಳವೆ ಅಲ್ವಾ? ಅದನ್ನು ಕಿತ್ತರೆ ಏನಾಗುತ್ತೆ? (ಮೆಲ್ಬರ್ನ್)

ಉತ್ತರ: ಹೌದು, ಇಂಜಿನ್ ಗಾಳಿ ಎಳೆಯುವ ದನಿಯನ್ನು ಒಳಗೆ ಸಾಗಿಸುವ ಕೊಳವೆ. ಸುಳ್ಳು ಸದ್ದೇನಲ್ಲ, ಹಾಗಾಗಿ ನನಗೆ ಇದರ ಮೇಲೆ ಸಿಟ್ಟಿಲ್ಲ. ಕಿತ್ತರೆ ಎರಡು ತೂತು ಉಳಿಯುತ್ತವೆ, ಎರಡಕ್ಕೂ ಮುಚ್ಚಳ ಬೇಕು. ಗಾಳಿಯ ಪೈಪಿನ ಕಡೆ ಬಿಟ್ಟರೆ ಫಿಲ್ಟರ್ ದಾಟದ ದೂಳು ಇಂಜಿನ್‌ಗೆ, ಇನ್ನೊಂದು ಕಡೆ ಬಿಟ್ಟರೆ ಬಿಸಿ ಮತ್ತು ವಾಸನೆ ನಿಮಗೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಮೆಲ್ಲಗೆ ಹೋಗುವಾಗ ಹೊರಗೆ ಊಂ ಅನ್ನುತ್ತದೆ. ಅದನ್ನೂ ನಿಲ್ಲಿಸಬಹುದಾ? (ಹುಬ್ಬಳ್ಳಿ)

ಉತ್ತರ: ಬೇಡ. ಅದು ನಿಮಗಾಗಿ ಇರುವ ಸದ್ದಲ್ಲ, ದಾರಿಯಲ್ಲಿ ನಡೆಯುವವರಿಗೆ, ಅದರಲ್ಲೂ ಕಣ್ಣು ಕಾಣದವರಿಗೆ. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರಿಗೂ ಇದು ಕಡ್ಡಾಯ, ಗಂಟೆಗೆ 20 ಕಿ.ಮೀ. ವೇಗದವರೆಗೆ ಸದ್ದು ಬರಲೇಬೇಕು. ನಿಮಗೆ ಒಳಗೆ ಜಾಸ್ತಿ ಕೇಳಿಸುತ್ತಿದ್ದರೆ ಬಾಗಿಲಿನ ರಬ್ಬರ್ ಸವೆದಿದೆಯಾ ನೋಡಿ.